ಕಸಿ ಮಾಡಿದ ಕಿಡ್ನಿ ತಡವಾಗಿ ಎಚ್ಚರಗೊಂಡಾಗ: ಔಷಧ ಪ್ರಯೋಗಕ್ಕೆ ಒಪ್ಪಬಹುದೇ?

ಪ್ರಶ್ನೆ: ನನ್ನ ಪತಿಗೆ 54 ವರ್ಷ. ಮೂರು ವರ್ಷಗಳಿಂದ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಾರೆ. ಮೃತ ದಾನಿಯ ಕಿಡ್ನಿಗಾಗಿ ಹೆಸರು ನೋಂದಾಯಿಸಿ ಕಾಯುತ್ತಿದ್ದೇವೆ. ಅವರ ಜೊತೆಯಲ್ಲೇ ಡಯಾಲಿಸಿಸ್‌ಗೆ ಬರುತ್ತಿದ್ದ ಒಬ್ಬರಿಗೆ ಇತ್ತೀಚೆಗೆ ಕಸಿ ಆಯಿತು. ಆದರೆ ಹೊಸ ಕಿಡ್ನಿ ಎರಡು ವಾರ ಮೂತ್ರವನ್ನೇ ಕೊಡಲಿಲ್ಲ, ಅಲ್ಲಿಯವರೆಗೂ ಡಯಾಲಿಸಿಸ್ ಮುಂದುವರಿಸಬೇಕಾಯಿತು. ಈಗ ನಮ್ಮ ವೈದ್ಯರು, ಕಸಿ ಕಿಡ್ನಿ ಬೇಗ ಕೆಲಸ ಆರಂಭಿಸಲು ನೆರವಾಗಬಹುದಾದ ಔಷಧವೊಂದರ ಪ್ರಯೋಗಕ್ಕೆ ಸೇರಬಹುದೆಂದು ಹೇಳಿ ಕಾಗದಪತ್ರ ಕೊಟ್ಟಿದ್ದಾರೆ. ಸೇರಿದವರಲ್ಲಿ ಅರ್ಧದಷ್ಟು ಜನರಿಗೆ ಔಷಧವೇ ಇಲ್ಲದ ದ್ರವ ಕೊಡುತ್ತಾರಂತೆ. ಇಷ್ಟು ವರ್ಷಗಳಾದರೂ ಇದಕ್ಕೆ ಒಂದು ಖಚಿತ ಔಷಧ ಯಾಕಿಲ್ಲ? ನಾವು ಒಪ್ಪುವುದು ಸರಿಯೇ?

ಉತ್ತರ: ನಿಮ್ಮ ಪತಿಯ ಜೊತೆಗಾರರಿಗೆ ಆದದ್ದನ್ನು ಕಸಿ ಕಿಡ್ನಿಯ ತಡವಾದ ಕಾರ್ಯಾರಂಭ ಎನ್ನುತ್ತೇವೆ. ಕಸಿಯಾದ ಮೊದಲ ಏಳು ದಿನಗಳಲ್ಲಿ ಒಮ್ಮೆಯಾದರೂ ಡಯಾಲಿಸಿಸ್ ಬೇಕಾಯಿತೆಂದರೆ ಅದನ್ನು ಹೀಗೆ ಕರೆಯುವುದು ರೂಢಿ. ಬದುಕಿರುವ ಬಂಧುವೊಬ್ಬರು ಕೊಟ್ಟ ಕಿಡ್ನಿಯಲ್ಲಿ ಇದು ಅಪರೂಪ, ಮೃತ ದಾನಿಯ ಕಿಡ್ನಿಯಲ್ಲಿ ಸಾಮಾನ್ಯ. ದಾನಿಯ ವಯಸ್ಸು, ಸಾವಿನ ಬಗೆ, ಕಿಡ್ನಿ ತಂಪಿನಲ್ಲಿ ಕಳೆದ ಗಂಟೆಗಳು ಇವುಗಳಿಗೆ ತಕ್ಕಂತೆ ಐವರಲ್ಲಿ ಒಬ್ಬರಿಂದ ಹಿಡಿದು ಇಬ್ಬರಲ್ಲಿ ಒಬ್ಬರವರೆಗೆ ಇದನ್ನು ಕಾಣುತ್ತೇವೆ. ಹೀಗಾದ ಕಿಡ್ನಿಗಳಲ್ಲಿ ಹೆಚ್ಚಿನವು ಒಂದೆರಡು ವಾರಗಳಲ್ಲಿ, ಕೆಲವು ಇನ್ನೂ ನಿಧಾನವಾಗಿ, ಕೆಲಸ ಹಿಡಿಯುತ್ತವೆ. ಆದ್ದರಿಂದ ಇದನ್ನು ಕಸಿಯ ಸೋಲೆಂದು ತಿಳಿಯಬೇಡಿ. ಹಾಗೆಂದು ಇದು ಕಡೆಗಣಿಸುವ ಮಾತೂ ಅಲ್ಲ. 34 ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ತಡವಾಗಿ ಆರಂಭವಾದ ಕಿಡ್ನಿಗಳು ಮುಂದೆ ಕೈಕೊಡುವ ಅಪಾಯ ಉಳಿದವುಗಳಿಗಿಂತ ಸುಮಾರು ಶೇ 40ರಷ್ಟು ಹೆಚ್ಚಾಗಿತ್ತು. ದೇಹ ಕಿಡ್ನಿಯನ್ನು ತಿರಸ್ಕರಿಸುವ ಘಟನೆಗಳೂ ಅವರಲ್ಲಿ ಹೆಚ್ಚಿದ್ದವು.

ಔಷಧ ಯಾಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ, ಆ ಕಿಡ್ನಿ ನಿಮ್ಮ ಪತಿಯನ್ನು ತಲುಪುವ ಮೊದಲು ಏನೇನು ಅನುಭವಿಸಿರುತ್ತದೆ ಎಂಬುದನ್ನು ನೋಡಬೇಕು. ದಾನಿಯ ಮಿದುಳು ನಿಷ್ಕ್ರಿಯವಾಗುವ ಹೊತ್ತಿನಲ್ಲಿ ಅಡ್ರಿನಲಿನ್‌ನಂಥ ಹಾರ್ಮೋನುಗಳು ಒಮ್ಮೆಲೇ ನುಗ್ಗಿ, ರಕ್ತದೊತ್ತಡ ಏರಿ, ಆಮೇಲೆ ಕುಸಿಯುತ್ತದೆ; ಕಿಡ್ನಿಯೊಳಗೆ ಉರಿಯೂತ ಅಲ್ಲಿಯೇ ಆರಂಭವಾಗುತ್ತದೆ. ನಂತರ ಕಿಡ್ನಿಯನ್ನು ತೆಗೆದು, ತಣ್ಣನೆಯ ದ್ರಾವಣದಿಂದ ತೊಳೆದು, ಸುಮಾರು 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡುತ್ತಾರೆ. ತಂಪು ಜೀವಕೋಶದ ಹಸಿವನ್ನು ತಗ್ಗಿಸುತ್ತದೆಯೇ ಹೊರತು ಪೂರ್ತಿ ಇಲ್ಲವಾಗಿಸುವುದಿಲ್ಲ. ಆಮ್ಲಜನಕವಿಲ್ಲದೆ ಜೀವಕೋಶದ ಇಂಧನ ಬರಿದಾಗುತ್ತದೆ, ಸೋಡಿಯಂ ಅನ್ನು ಹೊರಹಾಕುವ ಪಂಪು ನಿಲ್ಲುತ್ತದೆ, ನೀರು ಒಳನುಗ್ಗಿ ಕೋಶ ಊದಿಕೊಳ್ಳುತ್ತದೆ, ಸಕ್ಸಿನೇಟ್ ಎಂಬ ವಸ್ತು ಒಳಗೇ ಕೂಡಿಕೊಳ್ಳುತ್ತಾ ಹೋಗುತ್ತದೆ. ಕಸಿಯ ಮೇಜಿನ ಮೇಲೆ ರಕ್ತ ಮರಳಿ ಹರಿದಾಗ ಆ ಸಕ್ಸಿನೇಟ್ ಕೆಲವೇ ನಿಮಿಷಗಳಲ್ಲಿ ಉರಿದು, ಜೀವಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಾದಿಂದ ವಿನಾಶಕಾರಿ ಆಮ್ಲಜನಕ ಕಣಗಳು ಹೊರಬೀಳುತ್ತವೆ. ಜೀವ ಕೊಡಬೇಕಾದ ರಕ್ತವೇ ಗಾಯವನ್ನೂ ಮಾಡುವ ಈ ಸ್ಥಿತಿಯ ಹಿಂದೆಯೇ ರೋಗನಿರೋಧಕ ವ್ಯವಸ್ಥೆಯ ಕಾಂಪ್ಲಿಮೆಂಟ್ ಪ್ರೋಟೀನುಗಳು, ಬಿಳಿರಕ್ತಕಣಗಳು ಬಂದು ಸೇರುತ್ತವೆ. ಕಿಡ್ನಿಯ ಸೂಕ್ಷ್ಮ ನಾಳಗಳ ಒಳಪದರದ ಕೋಶಗಳು ಕಳಚಿ ಬಿದ್ದು ನಾಳವನ್ನೇ ಕಟ್ಟಿಕೊಳ್ಳುತ್ತವೆ. ಆ ಕೋಶಗಳಿಗೆ ಮತ್ತೆ ಬೆಳೆಯುವ ಶಕ್ತಿ ಇರುವುದರಿಂದಲೇ ಕಿಡ್ನಿ ವಾರಗಳ ನಂತರ ಚೇತರಿಸಿಕೊಳ್ಳುವುದು.

ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ರಕ್ತನಾಳಗಳ ಹೊಲಿಗೆ ಮುಗಿದು ಕ್ಲ್ಯಾಂಪ್ ಬಿಡಿಸಿದ ಕೂಡಲೇ ಒಳ್ಳೆಯ ಕಿಡ್ನಿಯ ಬೂದು ಬಣ್ಣ ಒಂದೇ ಉಸಿರಿನಲ್ಲಿ ನಸುಗೆಂಪಿಗೆ ತಿರುಗುತ್ತದೆ, ಅದು ಬೆರಳಿಗೆ ಗಟ್ಟಿಯಾಗಿ ತುಂಬಿಕೊಂಡಂತೆ ಸಿಗುತ್ತದೆ, ಮೂತ್ರನಾಳದ ತುದಿಯಲ್ಲಿ ಹನಿ ಒಸರುತ್ತದೆ. ಇನ್ನೊಂದು ಕಿಡ್ನಿ ಅಲ್ಲಲ್ಲಿ ನೀಲಿ ಮಚ್ಚೆ ಉಳಿಸಿಕೊಂಡು ಮೆತ್ತಗೇ ಇರುತ್ತದೆ. ಮುಂದಿನ ಕೆಲವು ದಿನ ವಾರ್ಡಿನಲ್ಲಿ ಗಂಟೆಗಂಟೆಗೂ ಮೂತ್ರದ ಚೀಲ ನೋಡಿ ಬರೆದಿಡುವ ದಾದಿಯೂ, ಆ ಬರಹವನ್ನೇ ಕಾಯುವ ಮನೆಯವರೂ ಪಡುವ ಆತಂಕವನ್ನು ನಾನು ವರ್ಷಗಳಿಂದ ನೋಡುತ್ತಿದ್ದೇನೆ. ಈ ಪ್ರಯೋಗಗಳು ನಡೆಯಲೇಬೇಕು ಎಂದು ನನಗೆ ಅನ್ನಿಸುವುದಕ್ಕೆ ಅದೂ ಒಂದು ಕಾರಣ.

ಹೀಗೆ ಗಾಯ ಹಂತಹಂತವಾಗಿ, ಬೇರೆ ಬೇರೆ ಜಾಗಗಳಲ್ಲಿ ಆಗುವುದರಿಂದ ಔಷಧವನ್ನು ಯಾವಾಗ ಕೊಡಬೇಕು ಎಂಬುದೇ ದೊಡ್ಡ ತೊಡಕು. ಪ್ರಯೋಗಾಲಯದ ಇಲಿಯಲ್ಲಿ ಪರೀಕ್ಷಿಸುವಾಗ ಸಾಮಾನ್ಯವಾಗಿ ಪ್ರಾಯದ ಆರೋಗ್ಯವಂತ ಪ್ರಾಣಿಯನ್ನು ಆರಿಸಿ, ಮೊದಲೇ ಔಷಧ ಕೊಟ್ಟು, ರಕ್ತನಾಳವನ್ನು ಅರ್ಧ ಗಂಟೆ ಒತ್ತಿಹಿಡಿದು ಬಿಡುತ್ತಾರೆ. ನಮ್ಮ ರೋಗಿಗೆ ಬರುವುದು ಅರವತ್ತು ವರ್ಷದ, ರಕ್ತದೊತ್ತಡವಿದ್ದ ದಾನಿಯೊಬ್ಬರ ಕಿಡ್ನಿ ಇರಬಹುದು. ಅದು ಹದಿನೆಂಟು ಗಂಟೆ ತಂಪಿನಲ್ಲಿ ಕಳೆದಿರಬಹುದು. ಔಷಧ ಅದನ್ನು ತಲುಪುವ ಹೊತ್ತಿಗೆ ಅರ್ಧ ಗಾಯ ಆಗಿಹೋಗಿರುತ್ತದೆ. ಇಲಿಗಳಲ್ಲಿ ಅದ್ಭುತವೆನಿಸಿದ ಹಲವು ಔಷಧಗಳು ಮನುಷ್ಯರಲ್ಲಿ ಸಪ್ಪೆಯಾದದ್ದಕ್ಕೆ ಇದು ಬಹುಮಟ್ಟಿಗೆ ಕಾರಣವೆಂದು ನಾನು ಭಾವಿಸುತ್ತೇನೆ.

ಸೋತ ಪ್ರಯೋಗಗಳ ಪಟ್ಟಿ ಉದ್ದವಿದೆ, ಆದರೆ ಒಂದೆರಡನ್ನು ಹತ್ತಿರದಿಂದ ನೋಡಿದರೆ ಸಾಕು. ದಾನಿಯ ಮೈಯಲ್ಲೇ ಉರಿಯೂತ ಆರಂಭವಾಗುತ್ತದೆ ಎಂದಮೇಲೆ, ಕಿಡ್ನಿ ತೆಗೆಯುವ ಮೊದಲೇ ದಾನಿಗೆ ಸ್ಟೀರಾಯ್ಡ್ ಕೊಟ್ಟು ಅದನ್ನು ಶಮನಗೊಳಿಸಬಾರದೇಕೆ? ಇದಕ್ಕಿಂತ ತರ್ಕಬದ್ಧವಾದ ಯೋಚನೆ ಸಿಗುವುದು ಕಷ್ಟ. ಆಸ್ಟ್ರಿಯಾ ಮತ್ತು ಹಂಗೆರಿಯ ವೈದ್ಯರು 306 ದಾನಿಗಳಲ್ಲಿ ಇದನ್ನು ಪರೀಕ್ಷಿಸಿದರು. ಒಂದು ಗುಂಪಿಗೆ 1000 ಮಿಲಿಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್, ಇನ್ನೊಂದಕ್ಕೆ ಪ್ಲಸೀಬೊ, ಅಂದರೆ ನೀವು ಹೇಳಿದಂಥ ಔಷಧವಿಲ್ಲದ ದ್ರವ. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಕಿಡ್ನಿಯ ತುಣುಕುಗಳನ್ನು ಪರೀಕ್ಷಿಸಿದಾಗ ಉರಿಯೂತದ ಗುರುತುಗಳು ನಿಜಕ್ಕೂ ತಗ್ಗಿದ್ದವು. ಆದರೆ ತಡವಾದ ಕಾರ್ಯಾರಂಭ ಸ್ಟೀರಾಯ್ಡ್ ಗುಂಪಿನಲ್ಲಿ ಶೇ 22, ಪ್ಲಸೀಬೊ ಗುಂಪಿನಲ್ಲಿ ಶೇ 25. ಇಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದು. ಔಷಧ ತಾನು ಮಾಡಬೇಕಾದ ಕೆಲಸವನ್ನು ಮಾಡಿತ್ತು, ರೋಗಿಗೆ ಮಾತ್ರ ಡಯಾಲಿಸಿಸ್ ತಪ್ಪಿರಲಿಲ್ಲ.

ಇನ್ನೊಂದು, ಎಎನ್‌ಜಿ-3777 ಎಂಬ ಔಷಧ. ಗಾಯಗೊಂಡ ಕೋಶಗಳನ್ನು ಮತ್ತೆ ಬೆಳೆಯುವಂತೆ ಪ್ರಚೋದಿಸುವ ಸಹಜ ಅಂಶವೊಂದನ್ನು ಇದು ಅನುಕರಿಸುತ್ತದೆ. ಕಸಿಯ ನಂತರ ಮೂತ್ರ ಕಡಿಮೆ ಇದ್ದವರಿಗೆ ಕೊಟ್ಟು ನೋಡಿದ 28 ಜನರ ಆರಂಭಿಕ ಪ್ರಯೋಗ ಆಸೆ ಹುಟ್ಟಿಸಿತ್ತು. ಸುಮಾರು 250 ಜನರ ಮೂರನೇ ಹಂತದ ಪ್ರಯೋಗದಲ್ಲಿ, ಒಂದು ವರ್ಷದ ಕೊನೆಗೆ ಔಷಧ ಪಡೆದವರ ಮತ್ತು ಪ್ಲಸೀಬೊ ಪಡೆದವರ ಕಿಡ್ನಿಯ ಸಾಮರ್ಥ್ಯದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಿತ್ರೊಪೊಯೆಟಿನ್ ಕೂಡ, ರಕ್ತಹೀನತೆಗೆ ಡಯಾಲಿಸಿಸ್ ರೋಗಿಗಳಿಗೆ ಕೊಡುವ ಅದೇ ಚುಚ್ಚುಮದ್ದು, ಕಿಡ್ನಿಯನ್ನು ಕಾಪಾಡೀತೆಂಬ ನಿರೀಕ್ಷೆಯಿಂದ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಲಾಭ ತರಲಿಲ್ಲ. ಒಂದು ಪ್ರಯೋಗದಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ಹೆಚ್ಚಾಗಿ ಕಂಡಿತು. ಕಾಂಪ್ಲಿಮೆಂಟ್ ತಡೆಯುವ ಎಕ್ಯುಲಿಝುಮ್ಯಾಬ್ ಸಹ ದೊಡ್ಡ ಪ್ರಯೋಗದಲ್ಲಿ ತನ್ನ ಗುರಿ ಮುಟ್ಟಲಿಲ್ಲ.

ಸಣ್ಣ ಪ್ರಯೋಗಗಳು ನಮಗೆ ಮತ್ತೆ ಮತ್ತೆ ಆಸೆ ತೋರಿಸಿ ನಿರಾಸೆ ಮಾಡುವುದರ ಹಿಂದೆ ಸರಳವಾದ ಲೆಕ್ಕವೊಂದಿದೆ. ತಡವಾದ ಕಾರ್ಯಾರಂಭವನ್ನು ಶೇ 30ರಿಂದ 20ಕ್ಕೆ ಇಳಿಸುವ ಔಷಧ ನಿಜವಾಗಿಯೂ ಇದೆ ಎಂದಿಟ್ಟುಕೊಳ್ಳಿ. ಅದನ್ನು ಐದರಲ್ಲಿ ನಾಲ್ಕು ಬಾರಿಯಾದರೂ ಗುರುತಿಸುವ ಶಕ್ತಿ ಪ್ರಯೋಗಕ್ಕಿರಬೇಕಾದರೆ ಪ್ರತಿ ಗುಂಪಿನಲ್ಲಿ ಸುಮಾರು 290 ಜನ ಬೇಕು. ಲಾಭ ಶೇ 30ರಿಂದ 25ಕ್ಕೆ ಮಾತ್ರ ಎಂದಾದರೆ ಗುಂಪಿಗೆ ಸುಮಾರು 1250, ಎರಡೂ ಸೇರಿ 2500 ಜನ. ಒಂದು ಆಸ್ಪತ್ರೆ ಇಷ್ಟು ಕಸಿ ಮಾಡಿ ಮುಗಿಸಲು ಬಹಳ ವರ್ಷ ಬೇಕು. ಹಾಗಾಗಿ ಅರವತ್ತು, ಎಂಬತ್ತು ಜನರ ಪ್ರಯೋಗಗಳೇ ಹೆಚ್ಚು ನಡೆದವು. ಅಂಥವುಗಳಲ್ಲಿ ಒಳ್ಳೆಯ ಔಷಧ ಕಣ್ತಪ್ಪಿ ಹೋಗುವುದೂ ಸಾಧ್ಯ, ಕೆಲಸಕ್ಕೆ ಬಾರದ ಔಷಧ ಅದೃಷ್ಟದಿಂದ ಗೆದ್ದಂತೆ ಕಾಣುವುದೂ ಸಾಧ್ಯ.

ನಿಮ್ಮನ್ನು ಕಾಡುತ್ತಿರುವ ಪ್ಲಸೀಬೊ ವಿಷಯ ಇಲ್ಲಿಯೇ ಬರುತ್ತದೆ. ಮೊದಲು ಒಂದನ್ನು ಸ್ಪಷ್ಟಪಡಿಸುತ್ತೇನೆ: ಪ್ಲಸೀಬೊ ಗುಂಪಿಗೆ ಬಿದ್ದವರಿಗೆ ಚಿಕಿತ್ಸೆ ಇಲ್ಲವೆಂದಲ್ಲ. ತಿರಸ್ಕಾರ ತಡೆಯುವ ಔಷಧಗಳು, ಸೋಂಕು ತಡೆಯುವ ಔಷಧಗಳು, ಅಗತ್ಯ ಬಿದ್ದಾಗ ಡಯಾಲಿಸಿಸ್ ಇವೆಲ್ಲ ಎರಡೂ ಗುಂಪಿಗೆ ಒಂದೇ ರೀತಿ ಸಿಗುತ್ತವೆ. ಪರೀಕ್ಷೆಗೊಳಪಟ್ಟ ಔಷಧ ಮಾತ್ರ ಒಂದು ಗುಂಪಿಗೆ ಇರುವುದಿಲ್ಲ. ಆ ಔಷಧದಿಂದ ಒಳಿತೋ ಕೆಡುಕೋ ಯಾರಿಗೂ ಗೊತ್ತಿಲ್ಲದಿರುವಾಗ, ಅದನ್ನು ಪಡೆಯದವರು ವಂಚಿತರಾದರು ಎನ್ನಲು ಆಧಾರವಿಲ್ಲ. ಎರಡನೆಯದಾಗಿ, ಮೊದಲ ವಾರದಲ್ಲಿ ಡಯಾಲಿಸಿಸ್ ಎಂಬ ಅಳತೆಗೋಲು ವೈದ್ಯರ ತೀರ್ಮಾನದ ಮೇಲೆ ನಿಂತಿದೆ. ಕಸಿಯ ಮರುದಿನ ರೋಗಿಯ ರಕ್ತದ ಪೊಟ್ಯಾಸಿಯಂ ಏರಿ, ಆತಂಕದ ಮಟ್ಟವಾದ 6ರ ಹತ್ತಿರ ಬಂದಿದೆ, ಮೂತ್ರ ನಿಧಾನವಾಗಿ ಏರುತ್ತಿದೆ ಎಂದುಕೊಳ್ಳಿ. ಒಬ್ಬ ವೈದ್ಯರು ಕೂಡಲೇ ಡಯಾಲಿಸಿಸ್‌ಗೆ ಹಾಕುತ್ತಾರೆ, ಇನ್ನೊಬ್ಬರು ಔಷಧದಿಂದ ತಗ್ಗಿಸಿ ಸಂಜೆಯವರೆಗೆ ಕಾಯುತ್ತಾರೆ. ಇಬ್ಬರದೂ ತಪ್ಪಲ್ಲ, ಆದರೆ ಲೆಕ್ಕದಲ್ಲಿ ಒಂದೇ ಕಿಡ್ನಿ ಎರಡು ಹೆಸರು ಪಡೆಯುತ್ತದೆ. ಹೊಸ ಔಷಧ ಯಾರಿಗೆ ಹೋಗಿದೆ ಎಂದು ವೈದ್ಯರಿಗೆ ಗೊತ್ತಿದ್ದರೆ, ಆ ರೋಗಿಯ ವಿಷಯದಲ್ಲಿ ಇನ್ನೊಂದು ದಿನ ಕಾಯೋಣ ಎನ್ನಿಸುವುದು ಮನುಷ್ಯ ಸಹಜ. ಅಷ್ಟಕ್ಕೇ ಔಷಧ ಗೆದ್ದಂತಾಗುತ್ತದೆ. ಇದನ್ನು ತಪ್ಪಿಸಲೆಂದೇ ಎರಡು ಬಾಟಲಿಗಳು ನೋಡಲು ಒಂದೇ ರೀತಿ ಇರಬೇಕು, ರೋಗಿಗೂ ವೈದ್ಯರಿಗೂ ಯಾವುದು ಯಾವುದೆಂದು ತಿಳಿಯಬಾರದು.

ಎಚ್ಚರಿಕೆಯಿಂದ ನಡೆಸಿದ ದೊಡ್ಡ ಪ್ರಯೋಗ ಏನು ಕೊಡಬಲ್ಲದು ಎಂಬುದಕ್ಕೆ ನನಗೆ ಅತ್ಯಂತ ಸಂತೋಷ ಕೊಟ್ಟ ಉದಾಹರಣೆಯಲ್ಲಿ ಹೊಸ ಔಷಧವೇ ಇಲ್ಲ, ಇರುವುದು ರಕ್ತನಾಳಕ್ಕೆ ಹನಿಸುವ ದ್ರವ. ಕಸಿಯ ಸಮಯದಲ್ಲಿ ರೋಗಿಗೆ ಹಲವು ಲೀಟರು ದ್ರವ ಕೊಡುತ್ತೇವೆ. ದಶಕಗಳಿಂದ ಹೆಚ್ಚಿನ ಕಡೆ ಅದು ಸಾಮಾನ್ಯ ಸಲೈನ್ ಆಗಿತ್ತು. ಸಾಮಾನ್ಯ ಎಂಬ ಹೆಸರಿದ್ದರೂ ಅದರ ಒಂದು ಲೀಟರಿನಲ್ಲಿ 154 ಮಿಲಿಮೋಲ್ ಕ್ಲೋರೈಡ್ ಇದೆ. ನಮ್ಮ ರಕ್ತದಲ್ಲಿ ಇರುವುದು ಸುಮಾರು 100. ಹೆಚ್ಚಾದ ಕ್ಲೋರೈಡ್ ರಕ್ತವನ್ನು ಆಮ್ಲೀಯವಾಗಿಸುತ್ತದೆ ಮತ್ತು ಕಿಡ್ನಿಯ ರಕ್ತನಾಳಗಳನ್ನು ಬಿಗಿಗೊಳಿಸಬಲ್ಲದು. ಪ್ಲಾಸ್ಮಾ-ಲೈಟ್ 148ರಂಥ ಸಮತೋಲಿತ ದ್ರವಗಳಲ್ಲಿ ಕ್ಲೋರೈಡ್ 98 ಮಾತ್ರ. ಆದರೂ ಅವುಗಳನ್ನು ದೂರವಿಟ್ಟದ್ದು ಏಕೆಂದರೆ ಅವುಗಳಲ್ಲಿ ಲೀಟರಿಗೆ 5 ಮಿಲಿಮೋಲ್ ಪೊಟ್ಯಾಸಿಯಂ ಇದೆ, ಕೆಲಸ ಮಾಡದ ಕಿಡ್ನಿಗೆ ಪೊಟ್ಯಾಸಿಯಂ ಕೊಡುವುದುಂಟೇ ಎಂಬ ಭಯ. ಆ ಭಯ ತಲೆಕೆಳಗು ಎಂಬುದನ್ನು 2005ರ ಒಂದು ಚಿಕ್ಕ ಪ್ರಯೋಗ ತೋರಿಸಿತ್ತು: ಪೊಟ್ಯಾಸಿಯಂ ಇಲ್ಲದ ಸಲೈನ್ ಪಡೆದವರಲ್ಲಿ ಶೇ 19 ಜನರಿಗೆ ಪೊಟ್ಯಾಸಿಯಂ ಏರಿ ಚಿಕಿತ್ಸೆ ಬೇಕಾಯಿತು, ಪೊಟ್ಯಾಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಪಡೆದವರಲ್ಲಿ ಒಬ್ಬರಿಗೂ ಬೇಕಾಗಲಿಲ್ಲ. ರಕ್ತ ಆಮ್ಲೀಯವಾದಾಗ ಜೀವಕೋಶಗಳೊಳಗಿನ ಪೊಟ್ಯಾಸಿಯಂ ಹೊರಬರುವುದೇ ಇದಕ್ಕೆ ಕಾರಣ.

ಮುಂದೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ 16 ಆಸ್ಪತ್ರೆಗಳು ಸೇರಿ, ಮೃತ ದಾನಿಯ ಕಿಡ್ನಿ ಪಡೆಯುವ 808 ರೋಗಿಗಳಲ್ಲಿ ಸಲೈನ್ ಮತ್ತು ಪ್ಲಾಸ್ಮಾ-ಲೈಟ್ 148 ದ್ರವಗಳನ್ನು ಗುರುತು ಮರೆಸಿದ ಚೀಲಗಳಲ್ಲಿ ಕೊಟ್ಟು ಹೋಲಿಸಿದವು. ಬೆಸ್ಟ್-ಫ್ಲೂಯಿಡ್ಸ್ ಎಂಬ ಆ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು: ಸಲೈನ್ ಗುಂಪಿನಲ್ಲಿ ಶೇ 40 ಜನರಿಗೆ ಮೊದಲ ವಾರದಲ್ಲಿ ಡಯಾಲಿಸಿಸ್ ಬೇಕಾಯಿತು, ಸಮತೋಲಿತ ದ್ರವದ ಗುಂಪಿನಲ್ಲಿ ಶೇ 30 ಜನರಿಗೆ. ಅಂದರೆ ಹತ್ತು ಜನರಲ್ಲಿ ಒಬ್ಬರಿಗೆ ಡಯಾಲಿಸಿಸ್ ತಪ್ಪಿತು, ಅದೂ ಪ್ರತಿ ಆಸ್ಪತ್ರೆಯಲ್ಲೂ ಸಿಗಬಲ್ಲ ದ್ರವವೊಂದರಿಂದ. ಆದರೆ ಒಂದು ವರ್ಷದ ಕೊನೆಯಲ್ಲಿ ಉಳಿದ ಕಿಡ್ನಿಗಳ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ತಡವಾದ ಆರಂಭವೇ ಮುಂದಿನ ಹಾನಿಗೆ ಕಾರಣವೋ, ಅಥವಾ ಮೊದಲೇ ದುರ್ಬಲವಾಗಿದ್ದ ಕಿಡ್ನಿಯೇ ತಡವಾಗಿಯೂ ಆರಂಭವಾಗಿ, ಬೇಗನೆಯೂ ಸೋಲುತ್ತದೆಯೋ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಮೊದಲ ವಾರದ ಡಯಾಲಿಸಿಸ್ ತಪ್ಪುವುದು ಸ್ವತಃ ಒಂದು ಲಾಭ ಎಂದು ನನ್ನ ಅಭಿಪ್ರಾಯ. ಆದರೆ ಯಾರಾದರೂ ಅದನ್ನು ಕಿಡ್ನಿಯ ಆಯಸ್ಸು ಹೆಚ್ಚಿಸುವ ಭರವಸೆಯಾಗಿ ಮಾರಲು ಹೊರಟರೆ ಆಧಾರ ಕೇಳಬೇಕು.

ಕಿಡ್ನಿಯನ್ನು ಕಾಯ್ದಿಡುವ ವಿಧಾನದಲ್ಲೂ ಗೆಲುವು ಸಿಕ್ಕಿದೆ. ಯುರೋಪಿನಲ್ಲಿ 336 ದಾನಿಗಳ ಎರಡೂ ಕಿಡ್ನಿಗಳನ್ನು ತೆಗೆದುಕೊಂಡು, ಒಂದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಇನ್ನೊಂದಕ್ಕೆ ಯಂತ್ರದಿಂದ ತಣ್ಣನೆಯ ದ್ರಾವಣ ಹರಿಸುತ್ತಾ ಹೋಲಿಸಿದರು. ಒಂದೇ ದಾನಿಯ ಎರಡು ಕಿಡ್ನಿಗಳಾದ್ದರಿಂದ ದಾನಿಯ ವಯಸ್ಸು, ಕಾಯಿಲೆ ಎಲ್ಲವೂ ಎರಡೂ ಗುಂಪಿಗೆ ತಾನಾಗಿಯೇ ಸಮ. 2009ರ ಆ ವರದಿಯಲ್ಲಿ ತಡವಾದ ಕಾರ್ಯಾರಂಭ ಪೆಟ್ಟಿಗೆಯಲ್ಲಿಟ್ಟ ಕಿಡ್ನಿಗಳಲ್ಲಿ ಶೇ 26.5, ಯಂತ್ರದಲ್ಲಿಟ್ಟವುಗಳಲ್ಲಿ ಶೇ 20.8. ಅಮೆರಿಕದಲ್ಲಿ ಮಿದುಳು ನಿಷ್ಕ್ರಿಯವಾದ ದಾನಿಗಳ ಮೈಯನ್ನು 34ರಿಂದ 35 ಡಿಗ್ರಿಗೆ ತಂಪುಗೊಳಿಸಿದಾಗ ಈ ತೊಂದರೆ ಶೇ 39ರಿಂದ 28ಕ್ಕೆ ಇಳಿದದ್ದು 2015ರಲ್ಲಿ ವರದಿಯಾಯಿತು. ಎಂಟು ವರ್ಷಗಳ ನಂತರ ಇವೆರಡನ್ನು ನೇರವಾಗಿ ಹೋಲಿಸಿದಾಗ ತಂಪುಗೊಳಿಸಿದ ದಾನಿಗಳ ಗುಂಪಿನಲ್ಲಿ ಶೇ 30, ಯಂತ್ರದ ಗುಂಪಿನಲ್ಲಿ ಶೇ 19, ಎರಡನ್ನೂ ಸೇರಿಸಿದ ಗುಂಪಿನಲ್ಲಿ ಶೇ 22 ಬಂತು. ಎರಡನ್ನು ಕೂಡಿಸಿದರೆ ಎರಡು ಪಟ್ಟು ಲಾಭ ಎಂಬ ನಿರೀಕ್ಷೆ ನಿಜವಾಗಲಿಲ್ಲ. ಇಷ್ಟೆಲ್ಲ ಆದರೂ ತಡವಾದ ಕಾರ್ಯಾರಂಭವನ್ನು ತಡೆಯಲೆಂದೇ ಅನುಮೋದನೆ ಪಡೆದ ಔಷಧ ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಪಟ್ಟಿಯಲ್ಲಿ ಈವರೆಗೆ ಇಲ್ಲ.

ಇನ್ನು ನಿಮ್ಮ ಕೈಯಲ್ಲಿರುವ ಕಾಗದಪತ್ರಕ್ಕೆ ಬರುತ್ತೇನೆ. ನಿಮ್ಮ ಪತಿಯ ವೈದ್ಯಕೀಯ ವಿವರ ನನಗೆ ತಿಳಿಯದ ಕಾರಣ ಒಪ್ಪಿ, ಬಿಡಿ ಎಂದು ನಾನು ಹೇಳಲಾರೆ. ಏನನ್ನು ಓದಬೇಕು, ಕೇಳಬೇಕು ಎಂಬುದನ್ನು ಹೇಳಬಲ್ಲೆ. ಔಷಧವನ್ನು ಯಾವಾಗ ಕೊಡುತ್ತಾರೆ ನೋಡಿ. ರಕ್ತ ಮರಳಿ ಹರಿಯುವ ಮೊದಲು ಅಥವಾ ಆ ಕ್ಷಣದಲ್ಲೇ ಕೊಡುವುದಾದರೆ, ಗಾಯ ಆಗುವ ಹೊತ್ತಿಗೆ ಔಷಧ ಅಲ್ಲಿರುತ್ತದೆ; ಮೂರನೇ ದಿನ ಕೊಡುವುದಾದರೆ ಅದು ಗಾಯ ತಡೆಯುವ ಔಷಧವಾಗಲಾರದು, ಮಾಯಿಸುವ ಔಷಧವಾಗಬೇಕು, ಅದಕ್ಕೆ ಏನು ಆಧಾರವೆಂದು ಕೇಳಿ. ಇದಕ್ಕೂ ಮುಂಚೆ ಎಷ್ಟು ಜನರಿಗೆ ಕೊಟ್ಟು ನೋಡಿದ್ದಾರೆ, ಅದರಲ್ಲಿ ಕಸಿ ರೋಗಿಗಳು ಎಷ್ಟು ಎಂಬುದು ಮುಖ್ಯ. ಔಷಧ ದೇಹದಿಂದ ಹೊರಹೋಗುವುದು ಕಿಡ್ನಿಯ ಮೂಲಕವೇ ಎಂದಾದರೆ, ಕಿಡ್ನಿ ಇನ್ನೂ ಎಚ್ಚರಗೊಳ್ಳದವರಲ್ಲಿ ಅದು ರಕ್ತದಲ್ಲೇ ಉಳಿದು ಕೂಡಿಕೊಳ್ಳಬಹುದು. ಅದಕ್ಕೆ ಪ್ರಮಾಣವನ್ನು ಹೇಗೆ ಹೊಂದಿಸಿದ್ದಾರೆ ಎಂದು ವಿಚಾರಿಸಿ. ತಿರಸ್ಕಾರ ತಡೆಯಲು ಕೊಡುವ ಟ್ಯಾಕ್ರೊಲಿಮಸ್ ಔಷಧದ ರಕ್ತದ ಮಟ್ಟವನ್ನು ಅದು ಏರಿಳಿಸುತ್ತದೆಯೇ ಎಂಬುದನ್ನೂ ಬಿಡಬೇಡಿ. ಕಾಂಪ್ಲಿಮೆಂಟ್ ತಡೆಯುವ ಔಷಧವಾದರೆ ಮಿದುಳಿನ ಪೊರೆಗೆ, ರಕ್ತಕ್ಕೆ ತಗಲುವ ಮೆನಿಂಜೊಕಾಕಲ್ ಎಂಬ ಬ್ಯಾಕ್ಟೀರಿಯಾ ಸೋಂಕಿನ ಅಪಾಯ ಹೆಚ್ಚುತ್ತದೆ, ಲಸಿಕೆಯನ್ನು ಈಗಲೇ, ಕಾಯುವ ಅವಧಿಯಲ್ಲೇ ಹಾಕಿಸಿಕೊಳ್ಳಬೇಕಾಗಬಹುದು. ನಿಮ್ಮ ಪತಿಗೆ ಹಿಂದೆ ಎಲ್ಲಾದರೂ ರಕ್ತ ಹೆಪ್ಪುಗಟ್ಟಿದ ಇತಿಹಾಸವಿದ್ದರೆ, ಡಯಾಲಿಸಿಸ್‌ಗಾಗಿ ಮಾಡಿದ ಫಿಸ್ಟುಲಾ ಮುಚ್ಚಿಕೊಂಡಿದ್ದರೂ ಸರಿ, ಅದನ್ನು ತಂಡಕ್ಕೆ ತಿಳಿಸಿ.

ಒಂದು ವರ್ಷದವರೆಗಾದರೂ ಕಿಡ್ನಿಯನ್ನು ಗಮನಿಸುವ ಯೋಜನೆ ಇರದ ಪ್ರಯೋಗದ ಬಗ್ಗೆ ನನಗೆ ಉತ್ಸಾಹವಿಲ್ಲ. ಪ್ರಯೋಗದ ಸುರಕ್ಷತೆಯನ್ನು ನೋಡಿಕೊಳ್ಳಲು ಔಷಧ ಕಂಪನಿಯಿಂದ ಹೊರಗಿನ ಸ್ವತಂತ್ರ ಸಮಿತಿ ಇರಬೇಕು, ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಯಾರ ಹೊಣೆ ಎಂಬುದು ಬರಹದಲ್ಲಿರಬೇಕು. ಪ್ರಯೋಗಕ್ಕಾಗಿ ಹೆಚ್ಚುವರಿ ಬಯಾಪ್ಸಿ (ಸೂಜಿಯಿಂದ ಕಿಡ್ನಿಯ ತುಣುಕು ತೆಗೆದು ಪರೀಕ್ಷಿಸುವುದು) ಇದೆಯೇ ನೋಡಿ, ಏಕೆಂದರೆ ಅದು ರಕ್ತಸ್ರಾವದ ಸಣ್ಣ ಅಪಾಯವನ್ನು ಹೊತ್ತಿರುತ್ತದೆ. ಪ್ರಯೋಗಕ್ಕೆ ಸೇರದಿದ್ದರೂ ಕಸಿಯ ಸಮಯದಲ್ಲಿ ಯಾವ ದ್ರವ ಬಳಸುತ್ತೀರಿ, ಕಿಡ್ನಿಯನ್ನು ಯಂತ್ರದಲ್ಲಿ ಇಡುವ ಸೌಲಭ್ಯ ಇದೆಯೇ ಎಂದು ವಿನಯದಿಂದ ಕೇಳುವ ಹಕ್ಕು ನಿಮಗಿದೆ.

ಕಾಗದಪತ್ರ ಈಗಲೇ ನಿಮ್ಮ ಕೈಸೇರಿರುವುದು ಒಳ್ಳೆಯದಾಯಿತು. ಕಿಡ್ನಿ ಸಿಕ್ಕಿದೆ ಎಂಬ ಕರೆ ಹೆಚ್ಚಾಗಿ ಅಪರಾತ್ರಿಯಲ್ಲಿ ಬರುತ್ತದೆ, ಆಮೇಲೆ ಯೋಚಿಸಲು ಉಳಿಯುವುದು ಕೆಲವೇ ಗಂಟೆ. ಆ ಗಡಿಬಿಡಿಯಲ್ಲಿ ಹದಿನೈದು ಪುಟ ಓದಿ ಸಹಿ ಹಾಕುವುದು ನಿಜವಾದ ಒಪ್ಪಿಗೆಯಾಗದು. ಇಬ್ಬರೂ ಕೂತು ಓದಿ, ಅರ್ಥವಾಗದ ಸಾಲುಗಳಿಗೆ ಗುರುತು ಹಾಕಿ, ಮುಂದಿನ ಡಯಾಲಿಸಿಸ್ ದಿನ ಅದನ್ನು ಜೊತೆಗೆ ಒಯ್ದು ವೈದ್ಯರ ಹತ್ತಿರ ಬಿಡಿಸಿಕೊಳ್ಳಿ. ಒಪ್ಪದಿದ್ದರೆ ಕಾಯುವ ಪಟ್ಟಿಯಲ್ಲಿ ನಿಮ್ಮ ಪತಿಯ ಸ್ಥಾನ ಬದಲಾಗಕೂಡದು, ಅದು ಆ ಪತ್ರದಲ್ಲೇ ಬರೆದಿರಬೇಕು. ಈಗ ಒಪ್ಪಿ, ಕರೆ ಬಂದ ರಾತ್ರಿ ಮನಸ್ಸು ಬದಲಾದರೆ ಅಂದೂ ಬೇಡವೆನ್ನಬಹುದು. ಪ್ರಯೋಗ ಬಿಟ್ಟುಹೋಗುತ್ತದೆ, ಕಸಿ ನಿಲ್ಲುವುದಿಲ್ಲ.